ಅಪಾರ್ಟ್‌ಮೆಂಟಿನ ನೀರಿನ ತಕರಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹೊರವಲಯದಲ್ಲಿ, ಎರಡು ಬ್ಲಾಕ್ ಸೇರಿ 48 ಮನೆಗಳಿರುವ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ. ನಾಲ್ಕು ವರ್ಷ ಅಸೋಸಿಯೇಷನ್ನಿನ ಸೆಕ್ರೆಟರಿಯಾಗಿ ನೀರಿನ ಜವಾಬ್ದಾರಿ ಹೊತ್ತಿದ್ದೆ. 2024ರ ಬೇಸಿಗೆಯಲ್ಲಿ ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಪೂರ್ತಿ ಬತ್ತಿತು. ಆಗ ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರೂ ನಮ್ಮವರೂ ಕೇಳಿದ ಪ್ರಶ್ನೆಗಳು ಇವು. ಈಗಲೂ ಫೆಬ್ರುವರಿ ಬಂತೆಂದರೆ ಇವೇ ಪ್ರಶ್ನೆಗಳು ಫೋನಿನಲ್ಲಿ ಬರುತ್ತವೆ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ನಮ್ಮ ಬ್ಲಾಕಿಗೆ ನೀರು ಬರಲ್ಲ, ಎದುರು ಬ್ಲಾಕಿನವರಿಗೆ ಯಾವಾಗಲೂ ಇರುತ್ತೆ. ಯಾರ ಮೇಲೆ ದೂರು ಕೊಡಬೇಕು?

ಸದ್ಯಕ್ಕೆ ಯಾರ ಮೇಲೂ ಬೇಡ. ಮೊದಲು ಅಳೆಯಿರಿ. ನಾನು ಕಂಡ ನೀರಿನ ಜಗಳಗಳಲ್ಲಿ ಹೆಚ್ಚಿನವು ನೀರು ಕಡಿಮೆಯಿದ್ದದ್ದಕ್ಕಿಂತ, ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಯಾರಿಗೂ ಗೊತ್ತಿರದೆ ಬೆಳೆದವು. ಲೆಕ್ಕ ಇಲ್ಲದ ಕಡೆ ಅನುಮಾನ ಬಂದು ಕೂರುತ್ತದೆ.

ನಮ್ಮಲ್ಲೇ ನಡೆದದ್ದು ಹೇಳುತ್ತೇನೆ. ಬಿ ಬ್ಲಾಕಿನ ಓವರ್‌ಹೆಡ್ ಟ್ಯಾಂಕ್ ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗುತ್ತಿತ್ತು. ಎ ಬ್ಲಾಕಿನದು ಸಂಜೆಯವರೆಗೂ ತುಂಬಿರುತ್ತಿತ್ತು. ಎ ಬ್ಲಾಕಿನವರು ವಾಚ್‌ಮನ್‌ಗೆ ದುಡ್ಡು ಕೊಟ್ಟು ವಾಲ್ವ್ ತಿರುಗಿಸಿಕೊಳ್ಳುತ್ತಿದ್ದಾರೆ ಎಂಬ ಮಾತು ಹುಟ್ಟಿತು. ಕಮಿಟಿಯೂ ಅದನ್ನು ನಂಬಿ, ‘ವಾಲ್ವ್ ಮುಟ್ಟಿದವರ ಮೇಲೆ ಕ್ರಮ’ ಎಂದು ಎ ಬ್ಲಾಕಿನ ಲಿಫ್ಟಿನಲ್ಲಿ ಮಾತ್ರ ನೋಟಿಸ್ ಅಂಟಿಸಿತು. ಅದಕ್ಕೆ ಸಹಿ ಹಾಕಿದವನು ನಾನು.

ಆಮೇಲೆ ಒಂದು ದಿನ ಬೆಳಗಿನ ಜಾವ ಐದಕ್ಕೆ ಪಂಪ್ ಹಾಕುವ ಮುಂಚೆ ಎರಡೂ ಬ್ಲಾಕಿನಿಂದ ಇಬ್ಬಿಬ್ಬರು ಟಾರ್ಚ್ ಹಿಡಿದು ಇಳಿದೆವು. ಬಿದಿರಿನ ಗಳಕ್ಕೆ ಸೆಂಟಿಮೀಟರ್ ಗುರುತು ಹಾಕಿ ಸಂಪಿನೊಳಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಯೊಳಗೆ, ಬಿಟ್ಟೆವು. ಪಂಪ್ ನಿಲ್ಲಿಸಿದಾಗ ಸಂಪಿನಲ್ಲಿ 50 ಸೆಂಟಿಮೀಟರ್ ಇಳಿದಿತ್ತು. ನಮ್ಮ ಸಂಪಿನ ಅಳತೆಗೆ ಅದು 15,000 ಲೀಟರ್. ಎ ಟ್ಯಾಂಕ್ ಮೊದಲೇ ತುಂಬಿತ್ತು. ಬಿ ಟ್ಯಾಂಕಿಗೆ ಏರಿದ್ದು 8,000 ಲೀಟರ್. ಉಳಿದ 7,000 ಎಲ್ಲಿಗೆ ಹೋಯಿತು?

ಟ್ಯಾಂಕ್ ತುಂಬಿದಾಗ ನೀರನ್ನು ತಾನಾಗಿ ನಿಲ್ಲಿಸಬೇಕಾದ ಬಾಲ್ ವಾಲ್ವ್ ಎ ಟ್ಯಾಂಕಿನಲ್ಲಿ ತುಕ್ಕು ಹಿಡಿದು ತೆರೆದಂತೆಯೇ ನಿಂತುಬಿಟ್ಟಿತ್ತು. ಪಂಪಿಗೆ ಹತ್ತಿರವಿರುವುದೂ ಅದೇ ಟ್ಯಾಂಕ್, ಹಾಗಾಗಿ ನೀರು ಮೊದಲು ಅಲ್ಲಿಗೇ ನುಗ್ಗುತ್ತಿತ್ತು. ತುಂಬಿ ಹೆಚ್ಚಾದದ್ದು ಓವರ್‌ಫ್ಲೋ ಪೈಪಿನಿಂದ ಮಳೆನೀರಿನ ಪೈಪಿಗಿಳಿದು ನೇರ ಚರಂಡಿ ಸೇರುತ್ತಿತ್ತು. ಹೊರಗೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಎ ಬ್ಲಾಕಿನವರು ಕದ್ದಿರಲಿಲ್ಲ. ವಾಚ್‌ಮನ್ ಯಾರಿಂದಲೂ ದುಡ್ಡು ತೆಗೆದುಕೊಂಡಿರಲಿಲ್ಲ. ಅಷ್ಟರಲ್ಲಿ ಎರಡು ಬ್ಲಾಕಿನವರು ಮಾತು ಬಿಟ್ಟು ಮೂರು ವಾರ ಆಗಿತ್ತು.

ಓವರ್‌ಫ್ಲೋ ಪೈಪಿನ ಬಾಯಿ ಎಲ್ಲರಿಗೂ ಕಾಣುವ ಕಡೆ, ಸಾಧ್ಯವಾದರೆ ಗೇಟಿನ ಎದುರೇ ಬರುವಂತೆ ಮಾಡಿಸಿ. ಕೆಲವು ಅಡಿ ಪಿವಿಸಿ ಪೈಪಿನ ಖರ್ಚು, ಅಷ್ಟೇ.

ಸಂಪು ಅಳೆಯೋದು ಹೇಗೆ? ನಮಗೆ ಲೆಕ್ಕ ಬರಲ್ಲ.

ಸಂಪಿನ ಉದ್ದ, ಅಗಲ ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಒಂದು ಸೆಂಟಿಮೀಟರ್ ಎತ್ತರದಲ್ಲಿ ಎಷ್ಟು ಲೀಟರ್ ಇದೆ ಎಂದು ಸಿಗುತ್ತದೆ. ನಮ್ಮ ಸಂಪು 6 ಮೀಟರ್ ಉದ್ದ, 5 ಮೀಟರ್ ಅಗಲ. ಹಾಗಾಗಿ ಒಂದು ಸೆಂಟಿಮೀಟರ್ ಅಂದರೆ 300 ಲೀಟರ್. ಒಳಗೆ ಕಂಬಗಳಿದ್ದರೆ ಅವು ತಿನ್ನುವ ಜಾಗ ಸ್ವಲ್ಪ ಕಳೆಯಿರಿ.

ಗಳ ಒಂದೇ ಇರಲಿ, ಗುರುತು ಆಯಿಲ್ ಪೇಂಟಿನಲ್ಲಿರಲಿ, ಬಿಡುವ ಜಾಗವೂ ಅದೇ ಇರಲಿ. ಬೆಳಿಗ್ಗೆ ಪಂಪಿಗೆ ಮುಂಚೆ, ಪಂಪ್ ಆದ ಮೇಲೆ, ರಾತ್ರಿ ಹನ್ನೊಂದಕ್ಕೆ, ಹೀಗೆ ದಿನಕ್ಕೆ ಮೂರು ಸಲ ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ಸೆಕ್ರೆಟರಿಯ ಬೀರುವಿನಲ್ಲಿ ಇರಬಾರದು. ಗೇಟಿನ ಹತ್ತಿರ, ಯಾರು ಬೇಕಾದರೂ ತೆರೆದು ನೋಡುವಂತೆ ನೇತುಹಾಕಿ. ಹತ್ತು ದಿನ ಬರೆದರೆ ನಿಮ್ಮ ಕಟ್ಟಡದ ನಿಜವಾದ ಬಳಕೆ ತಿಳಿಯುತ್ತದೆ. ನಗರದ ನೀರು ಪೂರೈಕೆಗೆ ಸರ್ಕಾರಿ ಮಾರ್ಗಸೂಚಿಗಳು ಇಟ್ಟುಕೊಂಡಿರುವ ಲೆಕ್ಕ ದಿನಕ್ಕೆ ತಲಾ 135 ಲೀಟರ್. 160 ಜನರಿರುವ ಕಟ್ಟಡಕ್ಕೆ 21,600 ಲೀಟರ್ ಆಯಿತು. ನಿಮ್ಮ ಪುಸ್ತಕ 35,000 ತೋರಿಸುತ್ತಿದ್ದರೆ ಕಳ್ಳನಿಗಿಂತ ಮೊದಲು ಸೋರಿಕೆ ಹುಡುಕಿ.

ಮನೆಯೊಳಗಿನ ಸೋರಿಕೆಗೆ ಕಮೋಡಿನ ಫ್ಲಶ್ ಟ್ಯಾಂಕೇ ಮುಖ್ಯ ಕಾರಣ. ಟ್ಯಾಂಕಿಗೆ ಒಂದು ಚಮಚ ಅರಿಶಿನ ಕದಡಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನೊಳಗೆ ಹಳದಿ ಇಳಿದಿದ್ದರೆ ವಾಷರ್ ಹೋಗಿದೆ. ನಿಮಿಷಕ್ಕೆ ಒಂದು ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್, ಅಂದರೆ ಹತ್ತು ಜನರ ಪಾಲು. ಒಂದು ಭಾನುವಾರ ಎಲ್ಲ ಮನೆಯವರೂ ಒಟ್ಟಿಗೆ ಈ ಪರೀಕ್ಷೆ ಮಾಡಿಕೊಂಡರೆ ಯಾರನ್ನೂ ಬೊಟ್ಟು ಮಾಡಿದಂತಾಗುವುದಿಲ್ಲ.

ಟ್ಯಾಂಕರಿನವರು ಪೂರ್ತಿ ನೀರು ಹಾಕ್ತಾರಾ? ಕಮಿಟಿಯವರು ಕಮಿಷನ್ ತಗೋತಾರೆ ಅಂತ ಎಲ್ಲರೂ ಮಾತಾಡ್ತಾರೆ.

ಅದೇ ಗಳ ಇದಕ್ಕೂ ಉತ್ತರ ಹೇಳುತ್ತದೆ. 12,000 ಲೀಟರ್ ಟ್ಯಾಂಕರ್ ಖಾಲಿ ಮಾಡಿದರೆ ನಮ್ಮ ಸಂಪಿನಲ್ಲಿ 40 ಸೆಂಟಿಮೀಟರ್ ಏರಬೇಕು. ಮೊದಲ ಸಲ ಅಳೆದಾಗ ಏರಿದ್ದು 33. ಅಂದರೆ 9,900 ಲೀಟರ್. ಡ್ರೈವರಿಗೆ ಗಳ ತೋರಿಸಿದೆವು, ಜಗಳ ಮಾಡಲಿಲ್ಲ. ಮುಂದಿನ ಲೋಡಿನಿಂದ ದುಡ್ಡು ಸೆಂಟಿಮೀಟರಿನ ಲೆಕ್ಕದಲ್ಲಿ ಎಂದು ಹೇಳಿದೆವು. ಅಳೆಯುವಾಗ ಬೋರ್ ಮತ್ತು ಪಂಪ್ ಎರಡೂ ನಿಂತಿರಬೇಕು, ಇಲ್ಲವಾದರೆ ಲೆಕ್ಕ ಕೆಡುತ್ತದೆ.

2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತ್ತು. 12,000 ಲೀಟರಿಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, 10 ಕಿಲೋಮೀಟರ್ ಒಳಗಾದರೆ 1,200. ಆಗ ನಾವು ಅದಕ್ಕಿಂತ ಹೆಚ್ಚೇ ಕೊಟ್ಟು ತರಿಸಿದ ದಿನಗಳಿವೆ. ಕಮಿಟಿಯ ಮೇಲೆ ಅನುಮಾನ ಹುಟ್ಟುವುದೂ ಇಂಥ ದಿನಗಳಲ್ಲೇ. ಅದನ್ನು ತಡೆಯಲು ಪ್ರತಿ ಲೋಡಿಗೂ ಗಾಡಿ ನಂಬರ್, ಹೊತ್ತು, ಎಷ್ಟು ಸೆಂಟಿಮೀಟರ್ ಏರಿತು, ಎಷ್ಟು ದುಡ್ಡು ಎಂದು ಬರೆದು, ಕಮಿಟಿಯಲ್ಲಿಲ್ಲದ ಒಬ್ಬರ ಸಹಿ ಹಾಕಿಸಿ. ನಮ್ಮಲ್ಲಿ ಹೆಚ್ಚು ಅನುಮಾನಪಡುತ್ತಿದ್ದ ಯಜಮಾನರನ್ನೇ ‘ಸಾರ್, ಸಹಿ ನೀವೇ ಹಾಕಿ’ ಎಂದು ಕೇಳಿಕೊಂಡೆವು. ಎರಡು ತಿಂಗಳು ಒಂದು ಲೋಡೂ ತಪ್ಪಿಸದೆ ಬಂದು ನಿಂತರು.

ನಾವು ಮೇಲಿನ ಮಹಡಿಯಲ್ಲಿದ್ದೀವಿ. ಶವರ್ ಬರೋದೇ ಇಲ್ಲ. ಕೆಳಗಿನವರು ನೀರು ಎಳ್ಕೊಳ್ತಿದ್ದಾರಾ?

ಸಾಮಾನ್ಯವಾಗಿ ಇಲ್ಲ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ಟ್ಯಾಂಕಿನ ತಳ ನಿಮ್ಮ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ನಿಮಗೆ ಸಿಗುವುದು 0.3 ಕಿಲೋ. ನಾಲ್ಕು ಮಹಡಿ ಕೆಳಗಿನವರಿಗೆ ಇನ್ನೂ 12 ಮೀಟರ್ ಸೇರಿ 1.5 ಕಿಲೋ ಸಿಗುತ್ತದೆ. ಒಂದೇ ಟ್ಯಾಂಕಿನಿಂದ ಐದು ಪಟ್ಟು ವ್ಯತ್ಯಾಸ. ಇದು ಕಟ್ಟಡ ಕಟ್ಟಿದ ರೀತಿಯಿಂದ ಬಂದದ್ದು, ಇದರಲ್ಲಿ ನೆರೆಯವರ ತಪ್ಪಿಲ್ಲ.

ಮೇಲಿನ ಎರಡು ಮಹಡಿಗೆ ಬೇರೆ ಪೈಪ್ ಎಳೆದು ಟೆರೇಸಿನಲ್ಲಿ ಸಣ್ಣ ಪ್ರೆಷರ್ ಪಂಪ್ ಕೂರಿಸುವುದು ಇದಕ್ಕೆ ಸರಿಯಾದ ಪರಿಹಾರ. ಕೆಳಗಿನ ಮನೆಗಳ ನಲ್ಲಿಗಳಿಗೆ ಏರೇಟರ್ (ಗಾಳಿ ಬೆರೆಸಿ ಹರಿವು ತಗ್ಗಿಸುವ ಸಣ್ಣ ಜಾಲರಿ) ಹಾಕಿದರೂ ಉಪಯೋಗವಿದೆ. 2024ರಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೆ ಇದನ್ನು ಕಡ್ಡಾಯ ಮಾಡಿತು. ಹಳೆಯ ಕಟ್ಟಡವಾದರೆ, ಬೋರ್ ನೀರಿನ ಗಡಸು ಕಟ್ಟಿ ಪೈಪಿನ ಒಳಗಿನ ದಾರಿಯೇ ಸಣ್ಣದಾಗಿರಬಹುದು. 15 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ಒಂದೇ ಹೊತ್ತಿನಲ್ಲಿ ಎಲ್ಲ ಮಹಡಿಯಲ್ಲೂ ನೋಡಿ. ಮೇಲಿನಿಂದ ಕೆಳಕ್ಕೆ ಸಮನಾಗಿ ವೇಗ ಏರಿದರೆ ಎತ್ತರದ ಸಮಸ್ಯೆ. ನಡುವೆ ಒಂದು ಮನೆ ಮಾತ್ರ ನಿಧಾನವಿದ್ದರೆ ಆ ಮನೆಯ ಪೈಪು ಕಟ್ಟಿದೆ.

ಒಬ್ಬರು ಸ್ವಂತ ಮೋಟಾರ್ ಹಾಕ್ಕೊಂಡಿದ್ದಾರೆ.

ಸಾಮೂಹಿಕ ಪೈಪಿಗೆ ನೇರವಾಗಿ ಮೋಟಾರ್ ಕೂರಿಸಿದರೆ ಅದೇ ಸಾಲಿನ ಮಿಕ್ಕ ಮನೆಗಳ ನೀರು ಎಳೆದಂತೆ. ತೆಗೆಸಲೇಬೇಕು. ಆದರೆ ಅವರು ಹಾಕಿದ್ದೇಕೆ ಎಂದು ಮೊದಲು ಕೇಳಿ. ನೂರಕ್ಕೆ ತೊಂಬತ್ತು ಸಲ ಮೇಲಿನ ಪ್ರಶ್ನೆಯೇ ಉತ್ತರವಾಗಿರುತ್ತದೆ. ಅವರ ತೊಂದರೆಗೆ ದಾರಿ ತೋರಿಸಿ ಮೋಟಾರ್ ತೆಗೆಸಿ, ಆಗ ಅದು ಮತ್ತೆ ಬರುವುದಿಲ್ಲ.

ನೀರಿನ ಖರ್ಚು ಹೇಗೆ ಹಂಚೋದು ನ್ಯಾಯ? ಚದರಡಿ ಲೆಕ್ಕವಾ, ಮನೆ ಲೆಕ್ಕವಾ, ತಲೆ ಲೆಕ್ಕವಾ?

ಹೆಚ್ಚು ಮನೆ ಒಡೆಯುವ ಪ್ರಶ್ನೆ ಇದು. ನಮ್ಮ ಅಂಕಿಗಳನ್ನೇ ಇಡುತ್ತೇನೆ.

ಒಂದು ತಿಂಗಳ ನೀರಿನ ಒಟ್ಟು ಖರ್ಚು 1,44,000 ರೂಪಾಯಿ. 1,000 ಚದರಡಿಯ ಮನೆ 24, 1,500 ಚದರಡಿಯವು 24, ಒಟ್ಟು ಜನ 160. ಮನೆ ಲೆಕ್ಕದಲ್ಲಿ ಎಲ್ಲರಿಗೂ 3,000. ಚದರಡಿ ಲೆಕ್ಕದಲ್ಲಿ ಸಣ್ಣ ಮನೆಗೆ 2,400, ದೊಡ್ಡ ಮನೆಗೆ 3,600. ನಮ್ಮಲ್ಲಿ ದೊಡ್ಡ ಮನೆಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಬ್ಬರೇ ಇದ್ದಾರೆ. ಸಣ್ಣ ಮನೆಯೊಂದರಲ್ಲಿ ಅಜ್ಜ ಅಜ್ಜಿ ಮಕ್ಕಳು ಸೇರಿ ಆರು ಜನ. ಒಬ್ಬರು ಬಳಸುವ ನೀರಿಗೆ 3,600, ಆರು ಜನ ಬಳಸುವ ನೀರಿಗೆ 2,400! ಆ ಟೀಚರ್ ಸಭೆಯಲ್ಲಿ ಎದ್ದು, ‘ನನ್ನ ಹಾಲ್ ನೀರು ಕುಡಿಯಲ್ಲಪ್ಪ’ ಎಂದರು. ಅವರ ಮಾತು ಸರಿ ಇತ್ತು. ಪೂರ್ತಿ ತಲೆ ಲೆಕ್ಕಕ್ಕೆ ಹೋದರೆ ತಲಾ 900. ಟೀಚರಿಗೆ 900, ಆ ಕುಟುಂಬಕ್ಕೆ 5,400. ದುಡಿಯುವವರು ಒಬ್ಬರೇ ಇರುವ ಮನೆಗೆ ಅದು ಭಾರವೇ.

ನಾವು ಖರ್ಚನ್ನು ಎರಡು ಭಾಗ ಮಾಡಿದೆವು. ಪಂಪಿನ ಕರೆಂಟು, ಪ್ಲಂಬರಿನ ಸಂಬಳ, ಟ್ಯಾಂಕ್ ತೊಳೆಸುವುದು, ನೀರಿನ ಗಡಸು ತೆಗೆಯುವ ಸಾಫ್ಟ್‌ನರಿನ ಉಪ್ಪು, ಇವೆಲ್ಲ ನೀರು ಎಷ್ಟು ಬಳಸಿದರೂ ಇರುವ ಖರ್ಚು. ಅದು 48,000 ಬಂತು. ಮನೆಗೆ 1,000 ಎಂದು ಸಮವಾಗಿ ಹಂಚಿದೆವು. ಮಿಕ್ಕ 96,000 ನಿಜವಾಗಿ ನೀರಿನದೇ, ತಲಾ 600. ಟೀಚರಿಗೆ 1,600 ಆಯಿತು, ಆರು ಜನರ ಮನೆಗೆ 4,600. ಇಬ್ಬರೂ ಪೂರ್ತಿ ಖುಷಿಪಡಲಿಲ್ಲ, ಆದರೆ ಲೆಕ್ಕ ಅರ್ಥವಾಯಿತು, ಒಪ್ಪಿದರು. ಎರಡು ವರ್ಷದೊಳಗಿನ ಕೂಸುಗಳನ್ನು ಎಣಿಸಲಿಲ್ಲ. ಹದಿನೈದು ದಿನಕ್ಕಿಂತ ಹೆಚ್ಚು ಉಳಿಯುವ ನೆಂಟರನ್ನು ಎಣಿಸಿದೆವು.

ಇದನ್ನು ಬಾಯಿಮಾತಿನಲ್ಲಿ ಮಾಡಬೇಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಸಾಮಾನ್ಯ ಖರ್ಚು ಹಂಚುವುದು ಪ್ರತಿ ಫ್ಲಾಟಿನ ಅವಿಭಜಿತ ಪಾಲಿನ (ಎಲ್ಲರಿಗೂ ಸೇರಿದ ಜಾಗ, ಸೌಕರ್ಯಗಳಲ್ಲಿ ಆ ಫ್ಲಾಟಿಗಿರುವ ಪಾಲಿನ) ಶೇಕಡಾವಾರು ಪ್ರಕಾರ. ಬಳಕೆಯ ಮೇಲೆ ನೀರಿನ ಶುಲ್ಕ ವಸೂಲು ಮಾಡಬೇಕಾದರೆ ನಿಮ್ಮ ಡಿಕ್ಲರೇಷನ್ ಡೀಡು (ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ನೋಂದಾಯಿತ ಪತ್ರ), ಬೈಲಾ (ಸಂಘದ ನಿಯಮಾವಳಿ) ಏನು ಹೇಳುತ್ತವೆ ಎಂದು ವಕೀಲರಿಂದ ಓದಿಸಿ. ಬೇಕಾದರೆ ತಿದ್ದುಪಡಿ ತಂದು, ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿಸಿ. ಠರಾವಿಲ್ಲದ ನ್ಯಾಯವಾದ ಲೆಕ್ಕ, ಮುಂದಿನ ಕಮಿಟಿ ಬಂದ ದಿನವೇ ಬಿದ್ದುಹೋಗುತ್ತದೆ.

ಮನೆಮನೆಗೂ ಮೀಟರ್ ಹಾಕಿಸಿಬಿಟ್ಟರೆ ಜಗಳವೇ ಇರಲ್ಲ ಅಲ್ವಾ?

ಬಹಳಷ್ಟು ಕಡಿಮೆಯಾಗುತ್ತದೆ. ಹೊಸ ಕಟ್ಟಡವಾದರೆ ಎರಡನೇ ಯೋಚನೆ ಬೇಡ. ಹಳೆಯ ಕಟ್ಟಡದಲ್ಲಿ ಒಂದು ತೊಡಕಿದೆ. ನೀರು ಮನೆಗೆ ಒಂದೇ ಪೈಪಿನಿಂದ ಬರುವುದಿಲ್ಲ, ಅಡುಗೆಮನೆಗೊಂದು, ಪ್ರತಿ ಬಚ್ಚಲಿಗೊಂದು, ಬಟ್ಟೆ ಒಗೆಯುವ ಜಾಗಕ್ಕೊಂದು ಎಂದು ಡಕ್ಟಿನಲ್ಲಿ ಬೇರೆ ಬೇರೆ ಇಳಿಯುತ್ತವೆ. ಒಂದು ಮನೆಗೆ ಮೂರು ನಾಲ್ಕು ಮೀಟರ್ ಬೇಕಾಗುತ್ತದೆ. ಅಷ್ಟು ಖರ್ಚಿಗೆ ಎಲ್ಲರೂ ಒಪ್ಪದಿದ್ದರೆ ಬ್ಲಾಕಿಗೊಂದು, ಬೋರಿಗೊಂದು, ಕಾವೇರಿ ಸಂಪರ್ಕಕ್ಕೊಂದು ಎಂದು ಮುಖ್ಯ ಮೀಟರುಗಳಿಂದ ಶುರು ಮಾಡಿ. ಮನೆ ಮೀಟರುಗಳ ಮೊತ್ತ ಮುಖ್ಯ ಮೀಟರಿಗಿಂತ ಕಡಿಮೆ ಬಂದರೆ ಆ ವ್ಯತ್ಯಾಸ ಯಾರ ತಲೆಗೆ ಎಂಬುದನ್ನು ಹಾಕಿಸುವ ಮುಂಚೆಯೇ ತೀರ್ಮಾನಿಸಿ.

ಎಂಟು ತಿಂಗಳಿಂದ ಮೈಂಟೆನೆನ್ಸ್ ಕೊಡದವರ ನೀರು ಕಟ್ ಮಾಡಬಹುದಾ?

ಬೇಡ. ದಯವಿಟ್ಟು ಬೇಡ.

ಕಮಿಟಿಯವರಿಗೆ ಇದು ಸುಲಭದ ಅಸ್ತ್ರವಾಗಿ ಕಾಣುತ್ತದೆ. ಆ ಮನೆಯೊಳಗೆ ಬಾಣಂತಿ ಇರಬಹುದು, ಹಾಸಿಗೆ ಹಿಡಿದವರು ಇರಬಹುದು. ಬಾಕಿ ಉಳಿಸಿಕೊಂಡವರು ಒಬ್ಬರಾದರೆ ಬಾಯಾರುವವರು ಇನ್ನೊಬ್ಬರು. ಶುದ್ಧ ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಠಕ್ಕೆ ಬಿದ್ದು ವಾಲ್ವ್ ಮುಚ್ಚಿದರೆ ದುಡ್ಡು ಕೊಡಬೇಕಾದವರೇ ದೂರುದಾರರಾಗಿ, ಕಮಿಟಿ ಉತ್ತರ ಕೊಡುವ ಜಾಗದಲ್ಲಿ ನಿಲ್ಲಬೇಕಾಗುತ್ತದೆ.

ವಸೂಲಿಗೆ ಬೇರೆ ದಾರಿ ಗಟ್ಟಿಯಾಗಿದೆ. 1972ರ ಕಾಯ್ದೆಯಡಿ ಸಾಮಾನ್ಯ ಖರ್ಚಿನ ಬಾಕಿ ಆ ಫ್ಲಾಟಿನ ಮೇಲೆಯೇ ಋಣಭಾರವಾಗಿ ಕೂರುತ್ತದೆ. ಲಿಖಿತ ನೋಟಿಸ್ ಕೊಡಿ, ಬೈಲಾದಲ್ಲಿರುವಷ್ಟು ಬಡ್ಡಿ ಹಾಕಿ, ಮಾರಾಟದ ವೇಳೆ ಬಾಕಿಯಿಲ್ಲದ ಪತ್ರ ಬಾಕಿ ತೀರುವವರೆಗೆ ಕೊಡಬೇಡಿ, ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಸೂಲಿ ದಾವೆ. ಇದಕ್ಕೆಲ್ಲ ಮುಂಚೆ ಒಂದು ಸಲ ಅವರ ಮನೆಗೆ ಹೋಗಿ ಕೂತು ಮಾತಾಡಿ. ಕೆಲಸ ಕಳೆದುಕೊಂಡವರು ಅದನ್ನು ಸಭೆಯಲ್ಲಿ ಹೇಳಿಕೊಳ್ಳುವುದಿಲ್ಲ. ನಮ್ಮಲ್ಲಿ ಅಂಥ ಒಂದು ಮನೆಯವರು ಆರು ಕಂತಿನಲ್ಲಿ ಪೂರ್ತಿ ತೀರಿಸಿದರು.

ಬಾಡಿಗೆದಾರರು ಸಭೆಗೆ ಬರಬಹುದಾ? ನೀರಿನ ದುಡ್ಡು ಅವರದ್ದಾ, ಓನರದ್ದಾ?

ಅಸೋಸಿಯೇಷನ್ನಿಗೆ ಜವಾಬ್ದಾರರು ಓನರೇ. ಅವರಿಬ್ಬರ ಮಧ್ಯದ ಲೆಕ್ಕ ಬಾಡಿಗೆ ಕರಾರಿನಲ್ಲಿ ಇರಬೇಕು. ಮತ ಓನರಿಗೇ ಇರಲಿ, ಆದರೆ ನೀರಿನ ಸಭೆಗೆ ಬಾಡಿಗೆದಾರರನ್ನು ಕರೆಯಿರಿ. ನಲ್ಲಿ ತಿರುಗಿಸುವವರು ಅವರು. ಓನರ್ ಎಷ್ಟೋ ಸಲ ದುಬೈಯಲ್ಲೋ ಡಾಲಸ್ಸಿನಲ್ಲೋ ಇರುತ್ತಾರೆ, ನೀರು ನಿಂತದ್ದು ಅವರಿಗೆ ಗೊತ್ತೂ ಆಗುವುದಿಲ್ಲ.

ನಮ್ಮ ಫ್ಲಾಟ್ ಖಾಲಿ ಇದೆ. ನಾವೇಕೆ ನೀರಿನ ದುಡ್ಡು ಕೊಡಬೇಕು?

ನೀರು ಬಳಸದಿದ್ದರೂ ಇದ್ದೇ ಇರುವ ಖರ್ಚಿನ ಪಾಲು ಕೊಡಬೇಕು, ಬಳಕೆಯ ಪಾಲು ಬೇಡ. ಖಾಲಿ ಮನೆಯ ಮುಖ್ಯ ವಾಲ್ವ್ ಮುಚ್ಚಿಸಿ, ಕೀಲಿ ಒಬ್ಬರ ಹತ್ತಿರ ಕೊಟ್ಟಿರಿ.

ಬೇಸಿಗೆಯಲ್ಲಿ ಹೊತ್ತು ಗೊತ್ತುಮಾಡಿ ನೀರು ಬಿಡೋದು ಸರಿನಾ?

ಬೇರೆ ದಾರಿ ಇಲ್ಲದಾಗ ಮಾತ್ರ. ಎರಡೇ ಹೊತ್ತು ನೀರು ಎಂದ ಕೂಡಲೇ ಜನ ಇದ್ದಬದ್ದ ಬಕೆಟ್, ಡ್ರಮ್ಮೆಲ್ಲ ತುಂಬಿಡುತ್ತಾರೆ, ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲುತ್ತಾರೆ. ಮೊದಲ ವಾರ ನಮ್ಮ ಬಳಕೆ ಇಳಿಯಲೇ ಇಲ್ಲ. ಇನ್ನೊಂದು ಕಷ್ಟ ನಮಗೆ ಹೊಳೆದಿರಲಿಲ್ಲ. ಮೂರನೇ ಮಹಡಿಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರಿದ್ದರು, ರಾತ್ರಿ ಪಾಳಿ. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಸೇರುವಾಗ ನೀರು ನಿಂತಿರುತ್ತಿತ್ತು. ರಾತ್ರಿಯಿಡೀ ರೋಗಿಗಳ ಮಧ್ಯೆ ಇದ್ದು ಬಂದವರು ಸ್ನಾನವಿಲ್ಲದೆ ಮಲಗಬೇಕು. ಅವರು ಹೇಳಿಕೊಂಡ ಮೇಲೆ ಬೆಳಗಿನ ಹೊತ್ತನ್ನು ಹತ್ತರವರೆಗೆ ಚಾಚಿದೆವು. ಹೊತ್ತು ಗೊತ್ತುಮಾಡುವ ಮುಂಚೆ ಪಾಳಿಯ ಕೆಲಸದವರು ಯಾರಿದ್ದಾರೆ ಎಂದು ಮನೆಮನೆ ಕೇಳಿ.

ಹಳ್ಳಿಯ ಕೆರೆ ತೂಬಿನಿಂದ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಕೈಲಿ. ಊರಿನ ಗೌಡನಾದರೂ ತೂಬಿಗೆ ಕೈ ಹಾಕುವಂತಿರಲಿಲ್ಲ. ಅಪಾರ್ಟ್‌ಮೆಂಟಿಗೂ ಅದೇ ಬೇಕು. ವಾಲ್ವ್ ಮುಟ್ಟುವವರು ಒಬ್ಬರೇ ಇರಲಿ, ಅವರಿಗೆ ಯಾರೂ ಫೋನು ಮಾಡಿ ‘ಐದು ನಿಮಿಷ ಬಿಡಪ್ಪ’ ಎನ್ನಬಾರದು. ಅಧ್ಯಕ್ಷರೂ ಸೇರಿ.

ವಾಚ್‌ಮನ್ ಮನೆಯವರು ಸಂಪಿನ ನೀರು ಬಳಸ್ತಾರೆ ಅಂತ ತಕರಾರು ಬಂದಿದೆ.

ಬಳಸಲೇಬೇಕು. ಕೆಳಗಿನ ಒಂದೇ ಕೋಣೆಯಲ್ಲಿರುವ ನಾಲ್ಕು ಜನರಿಗೆ ಬೇರೆಲ್ಲಿಂದ ಬರಬೇಕು ನೀರು? ಜನರ ಲೆಕ್ಕದಲ್ಲಿ ಅವರನ್ನೂ ಸೇರಿಸಿ, ಅವರ ಪಾಲನ್ನು ಎಲ್ಲ ಮನೆಯವರೂ ಹೊರಲಿ. ನೀರು ಕಡಿಮೆಯಾದಾಗ ಮೊದಲ ಅನುಮಾನ ಬೀಳುವುದು ಇವರ ಮೇಲೆಯೇ. ನಮ್ಮಲ್ಲೂ ಬಿತ್ತು, ಅದು ಸುಳ್ಳೆಂದು ಮೇಲೆ ಹೇಳಿದ್ದೇನೆ.

ಕಾರು ತೊಳೆಯೋರನ್ನ ಏನು ಮಾಡೋದು?

2024ರ ಮಾರ್ಚಿನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು, ಗಿಡಗಳಿಗೆ ಹಾಕುವುದನ್ನು ನಿಷೇಧಿಸಿತು. ಆಗ ಇಟ್ಟ ದಂಡ 5,000 ರೂಪಾಯಿ, ಮುಂದುವರಿಸಿದರೆ ದಿನಕ್ಕೆ 500 ಹೆಚ್ಚುವರಿ. ಪಾರ್ಕಿಂಗಿನ ನಲ್ಲಿಯ ಹಿಡಿ ತೆಗೆಸಿಬಿಡಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಇದ್ದರೆ ಶುದ್ಧೀಕರಿಸಿದ ನೀರು ಗಿಡಗಳಿಗೆ ಹೋಗಲಿ. ಒಂದು ಬಕೆಟ್, ಒದ್ದೆ ಬಟ್ಟೆ ಕಾರಿಗೆ ಸಾಕು.

ನೀರು ವಾಸನೆ ಬರ್ತಿದೆ. ಕಮಿಟಿ ‘ಏನೂ ಆಗಿಲ್ಲ’ ಅಂತಿದೆ.

ಇದರಲ್ಲಿ ವಾದ ಬೇಡ, ಒಂದು ಗಂಟೆಯೂ ತಡ ಮಾಡಬೇಡಿ. ಪಂಪ್ ನಿಲ್ಲಿಸಿ, ಎಲ್ಲ ಮನೆಗೂ ಹೇಳಿ, ಕುಡಿಯಲು ಕ್ಯಾನ್ ನೀರು ತರಿಸಿ. ಸಂಪಿನ ಪಕ್ಕದಲ್ಲೇ ಯುಜಿಡಿ (ಒಳಚರಂಡಿ) ಚೇಂಬರ್ ಇರುವ ಕಟ್ಟಡಗಳು ಎಷ್ಟೋ ಇವೆ, ಗೋಡೆ ಬಿರುಕು ಬಿಟ್ಟರೆ ಕೊಳಚೆ ಒಳಗೆ ಸೇರುತ್ತದೆ. ಎಸ್‌ಟಿಪಿ ಇರುವ ಕಡೆ ಫ್ಲಶ್ ನೀರಿನ ಸಾಲು ಮತ್ತು ಒಳ್ಳೆ ನೀರಿನ ಸಾಲು ಎಲ್ಲಾದರೂ ಕೂಡಿಕೊಂಡಿದೆಯೇ ಎಂದೂ ಪ್ಲಂಬರಿನಿಂದ ನೋಡಿಸಿ.

ಮಾದರಿಯನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಮಿಟಿಯವರೊಬ್ಬರು, ದೂರು ಕೊಟ್ಟವರೊಬ್ಬರು ಜೊತೆಯಾಗಿ ತೆಗೆದುಕೊಂಡು ಹೋಗಿ. ಆಗ ವರದಿಯನ್ನು ಯಾರೂ ತಳ್ಳಿಹಾಕುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಅದರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಒಂದೂ ಕಾಣಬಾರದು. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಲೀಟರಿಗೆ 500 ಮಿಲಿಗ್ರಾಮಿನೊಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತಾರೆ. ಟಿಡಿಎಸ್ ಹೆಚ್ಚಾದರೆ ಗಾಬರಿ ಬೇಡ, ಇ-ಕೋಲಿ ಕಂಡರೆ ಸಂಪು ಖಾಲಿ ಮಾಡಿಸಿ, ಬಿರುಕು ಮುಚ್ಚಿಸಿ, ಬ್ಲೀಚಿಂಗ್ ಮಾಡಿಸಿ, ಮತ್ತೆ ಪರೀಕ್ಷೆಯಾಗುವವರೆಗೆ ಅಡುಗೆಗೂ ಬೇಡ.

ಬಿಲ್ಡರ್ ಕಾವೇರಿ ನೀರು ಅಂತ ಹೇಳಿ ಮಾರಿದ. ಮೂರು ವರ್ಷ ಆದ್ರೂ ಬೋರ್ ನೀರೇ.

ಕಾವೇರಿ ಬರುವುದು ಸುಮ್ಮನೆ ಅಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ನಿಮ್ಮ ರಸ್ತೆಯಲ್ಲಿ ಪೈಪ್ ಬಂದಿದೆಯೇ ಎಂದು ಜಲಮಂಡಳಿಯ ಉಪವಿಭಾಗದ ಕಚೇರಿಯಲ್ಲಿ ಮೊದಲು ವಿಚಾರಿಸಿ. ಪೈಪ್ ಬಂದಿದ್ದೂ ಸಂಪರ್ಕವಿಲ್ಲದಿದ್ದರೆ, ಬಿಲ್ಡರ್ ಕಟ್ಟಬೇಕಾಗಿದ್ದ ಪ್ರೊ-ರೇಟಾ ಶುಲ್ಕ (ಕಟ್ಟಡದ ವಿಸ್ತೀರ್ಣದ ಲೆಕ್ಕದಲ್ಲಿ ಜಲಮಂಡಳಿಗೆ ಕಟ್ಟುವಂಥದ್ದು) ಕಟ್ಟಿಲ್ಲದೇ ಇರಬಹುದು. ಶುಲ್ಕ ಯಾರದ್ದು ಎಂದು ನಿಮ್ಮ ಮಾರಾಟದ ಕರಾರಿನಲ್ಲಿ ಹುಡುಕಿ, ನಿಮ್ಮಿಂದ ‘ನೀರು ಮತ್ತು ವಿದ್ಯುತ್’ ಎಂಬ ಹೆಸರಿನಲ್ಲಿ ವಸೂಲು ಮಾಡಿದ ರಸೀದಿ ಇಟ್ಟುಕೊಳ್ಳಿ.

ಜಾಹೀರಾತಿನಲ್ಲೋ ಕರಾರಿನಲ್ಲೋ ಕಾವೇರಿ ಎಂದಿದ್ದರೆ ಕರ್ನಾಟಕ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡಬಹುದು. ರೇರಾ ಕಾಯ್ದೆಯ 14ನೇ ಕಲಮಿನಡಿ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕಾಮಗಾರಿಯ ದೋಷವನ್ನು ಬರೆದು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಸೋರುವ ಸಂಪಿಗೂ ಕೆಲಸ ಮಾಡದ ಎಸ್‌ಟಿಪಿಗೂ ಇದನ್ನು ಬಳಸಿ. ಐದು ವರ್ಷ ಕಳೆಯಲು ಬಿಡಬೇಡಿ.

ಇರೋ ನೀರೇ ಸಾಲದು. ಹಂಚೋದೇನು?

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. 1,000 ಚದರ ಮೀಟರ್ ಟೆರೇಸಿಗೆ, ಹೋದದ್ದು ಬಂದದ್ದು ಕಳೆದರೂ, 8 ಲಕ್ಷ ಲೀಟರ್ ಸಿಗುತ್ತದೆ. 12,000 ಲೀಟರಿನ ಅರವತ್ತಕ್ಕೂ ಹೆಚ್ಚು ಟ್ಯಾಂಕರ್. ಎಷ್ಟೋ ಕಟ್ಟಡಗಳಲ್ಲಿ ಮಳೆಕೊಯ್ಲಿನ ಗುಂಡಿ ಕಾಗದಕ್ಕೆ ಮಾತ್ರ ಇದೆ, ಒಳಗೆ ಸಿಮೆಂಟ್ ಚೀಲ ತುಂಬಿರುತ್ತದೆ. ಏಪ್ರಿಲಿನಲ್ಲಿ ತೆಗೆಸಿ ನೋಡಿ. ಹೊಸ ಬೋರ್ ಕೊರೆಸಲು ಅನುಮತಿ ಬೇಕೇಬೇಕು, ಪಕ್ಕದವರ ಬೋರಿಗೆ ಒತ್ತಿಕೊಂಡು ಕೊರೆದರೆ ಜಗಳ ಕಾಂಪೌಂಡ್ ದಾಟಿ ಹೋಗುತ್ತದೆ.

ಸಭೆ ಕರೆದರೆ ಬರೀ ಕೂಗಾಟ. ಹೇಗೆ ನಡೆಸೋದು?

ಕತ್ತಲಾದ ಮೇಲೆ, ಎಲ್ಲರೂ ದಣಿದಿರುವಾಗ ಕರೆಯಬೇಡಿ. ಭಾನುವಾರ ಹತ್ತು ಗಂಟೆ ಒಳ್ಳೆಯದು. ಅಳತೆಯ ಪುಸ್ತಕದ ಹತ್ತು ದಿನದ ಪುಟ ಜೆರಾಕ್ಸ್ ಮಾಡಿ ಮೊದಲೇ ಎಲ್ಲರಿಗೂ ಕೊಡಿ. ಸಭೆಯಲ್ಲಿ ಒಂದೇ ವಿಷಯ ಇರಲಿ, ನಾಯಿ, ಪಾರ್ಕಿಂಗ್ ಇನ್ನೊಂದು ದಿನಕ್ಕೆ. ನಡೆಸಿಕೊಡುವವರು ಕಮಿಟಿಯವರೂ ದೂರುದಾರರೂ ಅಲ್ಲದ ಹಿರಿಯರಾದರೆ ಚೆನ್ನ. ವಾಟ್ಸ್ಯಾಪ್ ಗುಂಪಿನಲ್ಲಿ ನೀರಿನ ವಿಷಯ ಚರ್ಚೆ ಮಾಡಲೇಬೇಡಿ. ಪೈಪ್ ಒಡೆದರೆ ತಿಳಿಸಲಿಕ್ಕೆ ಸಾಕು ಅದು. ಎದುರಿಗೆ ‘ಆಂಟಿ, ಸ್ವಲ್ಪ ಕೇಳಿ’ ಎನ್ನುವ ಹುಡುಗ ಅದೇ ಗುಂಪಿನಲ್ಲಿ ರಾತ್ರಿ ಹನ್ನೆರಡಕ್ಕೆ ಏನೇನೋ ಬರೆದುಬಿಡುತ್ತಾನೆ.

ಏನು ಮಾಡಿದರೂ ಒಳಗೆ ಬಗೆಹರಿಯಲಿಲ್ಲ. ಎಲ್ಲಿಗೆ ಹೋಗಬೇಕು?

ಯಾರ ಮೇಲೆ ತಕರಾರು ಎಂಬುದರ ಮೇಲೆ ದಾರಿ ಬೇರೆ. ಜಲಮಂಡಳಿಯ ಬಿಲ್ಲು, ಪೂರೈಕೆಯ ವಿಷಯಕ್ಕೆ 1916, ಆಮೇಲೆ ಅವರೇ ನಡೆಸುವ ನೀರಿನ ಅದಾಲತ್. ಅಲ್ಲೂ ಆಗದಿದ್ದರೆ ಕಾಯಂ ಲೋಕ ಅದಾಲತ್. ನೀರು ಪೂರೈಕೆ ಸಾರ್ವಜನಿಕ ಉಪಯುಕ್ತ ಸೇವೆ ಆದ್ದರಿಂದ ಅಲ್ಲಿಗೆ ಬರುತ್ತದೆ, ಕೋರ್ಟ್ ಶುಲ್ಕವಿಲ್ಲ.

ಅಸೋಸಿಯೇಷನ್ನಿನ ಮೇಲಾದರೆ ಅದು ಯಾವ ಕಾಯ್ದೆಯಡಿ ನೋಂದಣಿಯಾಗಿದೆ ನೋಡಿ. ಸಹಕಾರ ಸಂಘವಾದರೆ 1959ರ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಮುಂದೆ ವ್ಯಾಜ್ಯ ಹೂಡಬೇಕು. 1972ರ ಕಾಯ್ದೆಯ ಅಸೋಸಿಯೇಷನ್ನಾದರೆ ಬೈಲಾ ಮೀರಿದ್ದಕ್ಕೆ ಸಿವಿಲ್ ಕೋರ್ಟು. ಕೋರ್ಟಿಗೆ ಹೋದ ಮೇಲೂ ಮಧ್ಯಸ್ಥಿಕೆಗೆ ಕಳಿಸಿ ಎಂದು ಕೇಳಬಹುದು. ಬೆಂಗಳೂರಿನಲ್ಲಿ ಅದಕ್ಕೆಂದೇ 2007ರಿಂದ ಮಧ್ಯಸ್ಥಿಕೆ ಕೇಂದ್ರವಿದೆ. ಒಂದೇ ಮೆಟ್ಟಿಲು ಹತ್ತಿಳಿಯುವ ಜನಕ್ಕೆ ತೀರ್ಪಿಗಿಂತ ರಾಜಿಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಯಾರಾದರೂ ಬೇಕೆಂದೇ ಪೈಪ್ ಒಡೆದರೆ ಅದು ಪೊಲೀಸರ ವಿಷಯ. ಕುಡಿಯುವ ನೀರಿನ ಪೂರೈಕೆ ಕುಂದುವಂತೆ ಹಾನಿ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ.

ತಪ್ಪು ನಮ್ಮದೇ ಅಂತ ಆಮೇಲೆ ಗೊತ್ತಾಯ್ತು. ನಾವು ಯಾರ ಮೇಲೆ ಆರೋಪ ಹೊರಿಸಿದ್ವೋ ಅವರ ಮುಖ ಹೇಗೆ ನೋಡೋದು?

ಆರೋಪ ಎಲ್ಲಿ ಅಂಟಿಸಿದ್ದಿರೋ ಅಲ್ಲೇ ತಪ್ಪೊಪ್ಪಿಗೆಯೂ ಅಂಟಿಸಬೇಕು. ಬಾಲ್ ವಾಲ್ವ್ ಸಿಕ್ಕ ದಿನ ಮಧ್ಯಾಹ್ನವೇ ಎ ಬ್ಲಾಕಿನ ಲಿಫ್ಟಿನಿಂದ ಹಳೆ ನೋಟಿಸ್ ಕಿತ್ತು, ಏನಾಗಿತ್ತು, ಎಷ್ಟು ಲೀಟರ್ ಹೋಯಿತು, ಯಾರ ತಪ್ಪೂ ಇರಲಿಲ್ಲ, ಕಮಿಟಿ ಆತುರಪಟ್ಟಿತು ಎಂದು ಬರೆದು ಸಹಿ ಹಾಕಿದೆ. ಈ ಸಲ ಎರಡೂ ಲಿಫ್ಟಿನಲ್ಲಿ. ತುಕ್ಕು ಹಿಡಿದ ಆ ವಾಲ್ವನ್ನು ನೋಟಿಸಿನ ಪಕ್ಕ ದಾರ ಕಟ್ಟಿ ನೇತುಹಾಕಿದೆವು. ಆಮೇಲೆ ವಾಚ್‌ಮನ್ ಕೋಣೆಗೆ ಹೋದೆ. ಅವನು ಯಾದಗಿರಿ ಕಡೆಯವನು, ಮೂರು ವಾರದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ‘ತಪ್ಪಾಯ್ತಪ್ಪ, ನಿನ್ನ ಮೇಲೆ ಅನುಮಾನ ಪಟ್ಟೆವು’ ಎಂದೆ. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಇರಲಿ ಬಿಡ್ರಿ ಸಾರ್’ ಎಂದ. ಅವನ ಹೆಂಡತಿ ಒಳಗಿನಿಂದ ಚಹಾ ತಂದು ಕೊಟ್ಟಳು.